ಜಿಲ್ಲೆಯ ಸರಾಸರಿ ಬೇಡ, ನಮ್ಮ ಹೋಬಳಿಯ ಮಳೆ ಹೇಳಿ

ಸಂಪಾದಕರೇ,

ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ದಿನವೂ ಒಂದು ಸಾಲು ಇರುತ್ತದೆ. ಉತ್ತರ ಕನ್ನಡದಲ್ಲಿ ಸರಾಸರಿ ಇಷ್ಟು ಮಿ.ಮೀ. ಮಳೆ, ವಾಡಿಕೆಗಿಂತ ಇಷ್ಟು ಜಾಸ್ತಿ ಅಥವಾ ಕಡಿಮೆ. 12 ತಾಲ್ಲೂಕಿನ ಮಳೆಯನ್ನು ಕೂಡಿಸಿ ಭಾಗಿಸಿದ ಆ ಲೆಕ್ಕ ಯಾವ ಊರಿಗೂ ಹೊಂದುವುದಿಲ್ಲ. ಘಟ್ಟದ ಕೆಳಗೆ ಹೊನ್ನಾವರ, ಭಟ್ಕಳದ ಕಡೆ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ಕಡಲಿನಿಂದ ಬಂದ ಮೋಡ ಘಟ್ಟ ಹತ್ತುವಾಗಲೇ ಬಹಳಷ್ಟು ಸುರಿದುಬಿಡುತ್ತದೆ, ಶಿರಸಿಗೆ ಸುಮಾರು 2,500 ಸಿಗುತ್ತದೆ, ಇನ್ನೂ ಮೂಡಲಿಗೆ ಮುಂಡಗೋಡಕ್ಕೆ ಹೋದರೆ ಅದರ ಅರ್ಧದ ಆಸುಪಾಸು. ಶಿರಸಿ ತಾಲ್ಲೂಕಿನೊಳಗೇ ನೋಡಿ, ದೇವಿಮನೆ ಘಟ್ಟದ ಕಡೆಯ ಮಳೆಗೂ ಬನವಾಸಿಯ ಮಳೆಗೂ ಹೋಲಿಕೆಯೇ ಇಲ್ಲ.

ಮೊತ್ತಕ್ಕಿಂತ ಮುಖ್ಯವಾದದ್ದು ಮಳೆ ಹೇಗೆ ಬಂತು ಎನ್ನುವುದು. 2.5 ಮಿ.ಮೀ. ಬಿದ್ದರೂ ಹವಾಮಾನ ಇಲಾಖೆಗೆ ಅದು ಮಳೆ ದಿನ. 500 ಮಿ.ಮೀ. ಮಳೆ ತಿಂಗಳಿಡೀ ಜಿಟಿಜಿಟಿ ಬಂದರೆ ಬೆಟ್ಟ ಕುಡಿಯುತ್ತದೆ, ಬೇಸಿಗೆಯವರೆಗೂ ಒರತೆ ಇರುತ್ತದೆ. ಅದೇ ಮಳೆ ಮೂರ್ನಾಲ್ಕು ದಿನದಲ್ಲಿ ಹೊಡೆದರೆ ನೀರೆಲ್ಲ ಹೊಳೆ ಪಾಲು, ಧರೆ ಕುಸಿಯುವ ಭಯ ಬೇರೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಎರಡೂ ಕಡೆ ಧರೆ ಕುಸಿದಿದ್ದನ್ನು ಕಂಡಿದ್ದೇವೆ ಅಲ್ವಾ? ನಡುವೆ 2023ರ ಆಗಸ್ಟ್ ಪೂರ್ತಿ ಮಳೆ ಕೈಕೊಟ್ಟಿತು, ದೇಶಕ್ಕೇ ಅದು 1901ರಿಂದೀಚೆಗಿನ ಅತಿ ಒಣ ಆಗಸ್ಟ್.

ಅಡಿಕೆ ಬೆಳೆಯುವವರಿಗೆ ಇದು ಹೊಟ್ಟೆಪಾಡು. ಕಾಯಿಗೆ ಕೊಳೆ ರೋಗ ಬಾರದಂತೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಮದ್ದನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು 40 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಆ ಎರಡನೇ ಸಲಕ್ಕೆ ಒಂದೆರಡು ದಿನ ಮಳೆ ಬಿಟ್ಟು ಹೊಳವಾದರೆ ಸಾಕು. ಹೊಳವು ಸಿಗದಿದ್ದರೆ, ಮಳೆ ವಾಡಿಕೆಯಷ್ಟೇ ಇದ್ದರೂ ಕಾಯಿ ಉದುರುತ್ತದೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಗೂ ಪಂಚಾಯಿತಿಯ ಮಳೆ ಲೆಕ್ಕವೇ ಆಧಾರ. ರೈತ ಅದನ್ನು ದಿನವೂ ನೋಡುವಂತಿದ್ದರೆ, ಮಳೆಮಾಪಕ ತಪ್ಪು ತೋರಿಸಿದಾಗ ಆಗಲೇ ಕೇಳಬಹುದು, ವಿಮೆ ಹಣ ಬಾರದೆ ಹೋದಮೇಲೆ ಕೇಳಿ ಏನು ಪ್ರಯೋಜನ?

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತದೆ. ಹಾಗಾಗಿ ಸುಮ್ನೆ ಸರಾಸರಿ ಹಾಕುವ ಬದಲು ವಾರಕ್ಕೊಮ್ಮೆಯಾದರೂ ಹೋಬಳಿವಾರು ಮಳೆ, ಆ ವಾರ ಮಳೆ ಬಂದ ದಿನಗಳು ಎಷ್ಟು, ಒಂದೇ ದಿನದ ಅತಿ ಹೆಚ್ಚು ಮಳೆ ಎಷ್ಟು, ಈ ಮೂರನ್ನು ಅಚ್ಚು ಹಾಕಿ. ಪಕ್ಕದಲ್ಲಿ ಅದೇ ಹೋಬಳಿಯ ಹಿಂದಿನ ಹತ್ತು ವರ್ಷದ ಲೆಕ್ಕವೂ ಇರಲಿ.

– ಅಡಿಕೆ ಬೆಳೆಗಾರ, ಶಿರಸಿ