ಕನ್ನಡದ ಹಳೇ ಕಾಮಿಕ್ಸ್‌ಗೂ ಗ್ರಂಥಾಲಯದಲ್ಲಿ ಒಂದು ಕಪಾಟು ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಸಾರ್ವಜನಿಕ ಗ್ರಂಥಾಲಯಗಳು ಹಳೇ ಕನ್ನಡ ಕಾಮಿಕ್ಸ್‌ಗಳನ್ನು ಕೇಳಿ ಪಡೆಯಬೇಕು, ನಂಬರ್ ಹಾಕಿ ಪಟ್ಟಿಗೆ ಸೇರಿಸಬೇಕು, ಓದುವವರಿಗೆ ಕೊಡಬೇಕು. ಇಷ್ಟನ್ನು ಕೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಆದರೂ ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಅರಸೀಕೆರೆಯವಳು. ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ, ಈಗ ನಿವೃತ್ತಿಯಾಗಿದೆ. ಹೋದ ವರ್ಷ ಮನೆಯಲ್ಲಿದ್ದ ಇಂದ್ರಜಾಲ ಕಾಮಿಕ್ಸ್‌ನ ಬೈಂಡುಗಳನ್ನು ಎರಡು ಚೀಲದಲ್ಲಿ ತುಂಬಿಕೊಂಡು ಒಂದು ಗ್ರಂಥಾಲಯಕ್ಕೆ ಹೋದೆ. ದುಡ್ಡು ಕೇಳಲಿಲ್ಲ, ಸುಮ್ನೆ ಕೊಡ್ತೀನಿ ಅಂದೆ. ಅಲ್ಲಿದ್ದವರು ಮೇಲಿನ ಬೈಂಡನ್ನು ತಿರುವಿ ನೋಡಿದರು. 'ಇವು ಚಿತ್ರದ ಪುಸ್ತಕ ಮೇಡಂ, ಇವಕ್ಕೆಲ್ಲ ನಂಬರ್ ಹಾಕೋಕಾಗಲ್ಲ. ಹುಡುಗರು ಎರಡು ದಿನದಲ್ಲಿ ಹರಿದು ಹಾಕ್ತಾರೆ' ಅಂದರು. ಮಾತು ಮರ್ಯಾದೆಯಿಂದಲೇ ಆಡಿದರು, ಕೂರಿಸಿ ನೀರೂ ಕೊಟ್ಟರು. ಆದರೆ ಪುಸ್ತಕ ತೆಗೆದುಕೊಳ್ಳಲಿಲ್ಲ. ಅವರೊಬ್ಬರದೇ ತಪ್ಪು ಅಂತ ನಾನು ಹೇಳುವುದಿಲ್ಲ. ಕಾಮಿಕ್ಸ್ ಅಂದರೆ ಓದಿ ಬಿಸಾಡುವ ವಸ್ತು ಅನ್ನುವ ಎಣಿಕೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಹಳೇ ಗ್ರಾಮಫೋನ್ ತಟ್ಟೆಗಳನ್ನು ಜನ ಹುಡುಕಿ ಕೊಳ್ಳುತ್ತಾರೆ. ಹಳೇ ಸಿನಿಮಾ ಪೋಸ್ಟರಿಗೆ ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತಾರೆ. ಕಾಮಿಕ್ಸ್ ಮಾತ್ರ ರದ್ದಿಗೆ ಹೋಗುತ್ತದೆ. ಅದರಲ್ಲೂ ಕನ್ನಡದ ಕಾಮಿಕ್ಸ್. ಇಂಗ್ಲಿಷಿನ ಹಳೇ ಇಂದ್ರಜಾಲ ಸಂಚಿಕೆಗಳಿಗೆ ಸಂಗ್ರಹಕಾರರು ಒಳ್ಳೇ ಬೆಲೆ ಕೊಡುತ್ತಾರೆ, ಅದಕ್ಕೇ ಅವು ಉಳಿದಿವೆ. ಕನ್ನಡದವನ್ನು ಮನೆಮಂದಿಯೆಲ್ಲ ಓದಿ, ಪಕ್ಕದ ಮನೆಗೆ ಕೊಟ್ಟು, ಬಾಡಿಗೆ ಲೈಬ್ರರಿಯಲ್ಲಿ ಸುತ್ತಿಸಿ ಸವೆಸಿಬಿಟ್ಟಿದ್ದೇವೆ.

ನನ್ನ ಹತ್ತಿರ ಇವು ಉಳಿದದ್ದು ನಮ್ಮ ತಂದೆಯವರಿಂದ. ಅವರು ರೈಲ್ವೆ ಗಾರ್ಡ್ ಆಗಿದ್ದರು. ಆಗ ನಮ್ಮದು ಮೀಟರ್ ಗೇಜ್ ಜಂಕ್ಷನ್. ಬೆಂಗಳೂರು ಕಡೆಗೆ, ಹುಬ್ಬಳ್ಳಿ ಕಡೆಗೆ, ಹಾಸನದ ಮೇಲೆ ಮೈಸೂರು ಕಡೆಗೆ ಗಾಡಿಗಳು. ಪ್ರಯಾಣಿಕರು ಓದಿ ಸೀಟಿನ ಮೇಲೇ ಬಿಟ್ಟುಹೋದ ಪುಸ್ತಕಗಳನ್ನು ತಂದೆ ಮನೆಗೆ ತರುತ್ತಿದ್ದರು. ಅರ್ಧಕ್ಕರ್ಧ ಪುಸ್ತಕಕ್ಕೆ ರಟ್ಟು ಇರುತ್ತಿರಲಿಲ್ಲ. ಕೆಲವಕ್ಕೆ ಕೊನೇ ಪುಟ ಇರುತ್ತಿರಲಿಲ್ಲ. ಖಳನಾಯಕ ಏನಾದ ಅಂತ ತಿಳಿಯದೆ ನಾನು, ನನ್ನ ತಮ್ಮ ವಾರಗಟ್ಟಲೆ ಜಗಳ ಆಡಿದ್ದೇವೆ. ಒಂದಷ್ಟು ಸೇರಿದ ಮೇಲೆ ತಂದೆ ಅವನ್ನು ದಾರ ಹಾಕಿ ಹೊಲಿಸಿ, ನೀಲಿ ಕ್ಯಾಲಿಕೋ ಬಟ್ಟೆಯ ಬೈಂಡ್ ಮಾಡಿಸುತ್ತಿದ್ದರು. ಬೆನ್ನಿನ ಮೇಲೆ ವರ್ಷ ಬರೆಸುತ್ತಿದ್ದರು.

ಈಗಿನ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಇಂದ್ರಜಾಲ ಕಾಮಿಕ್ಸ್ ಶುರುವಾಗಿದ್ದು 1964ರ ಮಾರ್ಚ್‌ನಲ್ಲಿ, ಮುಂಬೈಯಿಂದ. ಟೈಮ್ಸ್ ಆಫ್ ಇಂಡಿಯಾ ಬಳಗದ್ದು. ಮೊದಲ ಸಂಚಿಕೆಯೇ ಮುಖವಾಡದ ಕಾಡಿನ ನಾಯಕ ಫ್ಯಾಂಟಮ್‌ನದು, ಬೆಲೆ 60 ಪೈಸೆ. 1990ರಲ್ಲಿ ನಿಲ್ಲುವ ಹೊತ್ತಿಗೆ ಇಂಗ್ಲಿಷಿನಲ್ಲಿ 800ಕ್ಕೂ ಹೆಚ್ಚು ಸಂಚಿಕೆ ಬಂದಿದ್ದವು. ಹಿಂದಿ, ಬಂಗಾಳಿ, ಮರಾಠಿ, ತಮಿಳಿನ ಜೊತೆ ಕನ್ನಡದಲ್ಲೂ ಬಂತು. ಫ್ಯಾಂಟಮ್, ಜಾದೂಗಾರ ಮಾಂಡ್ರೇಕ್ ಇಬ್ಬರನ್ನೂ ಹುಟ್ಟಿಸಿದವರು ಅಮೆರಿಕದ ಲೀ ಫಾಕ್. 1934ರಲ್ಲಿ ಮಾಂಡ್ರೇಕ್, 1936ರಲ್ಲಿ ಫ್ಯಾಂಟಮ್. 1999ರಲ್ಲಿ ತೀರಿಕೊಳ್ಳುವವರೆಗೂ ಎರಡನ್ನೂ ಬರೆಯುತ್ತಲೇ ಇದ್ದರು. ಅರವತ್ತು ವರ್ಷಕ್ಕೂ ಜಾಸ್ತಿ!

ನಮಗೆ ಆಗ ಲೀ ಫಾಕ್ ಹೆಸರು ಗೊತ್ತಿರಲಿಲ್ಲ. ಫ್ಯಾಂಟಮ್ ಇರುವ ತಲೆಬುರುಡೆ ಗುಹೆ ಗೊತ್ತಿತ್ತು. ಅವನ ಕುದುರೆ ಹೀರೋ, ತೋಳ ಡೆವಿಲ್ ಗೊತ್ತಿತ್ತು. ಅವನ ಎಡಗೈ ಉಂಗುರದ ಗುರುತು ಬಿದ್ದವರಿಗೆ ರಕ್ಷಣೆ, ಬಲಗೈ ಉಂಗುರ ದವಡೆಗೆ ಬಿದ್ದರೆ ಜನ್ಮದಲ್ಲಿ ಅಳಿಸದ ಬುರುಡೆ ಗುರುತು. ಈ ಲೆಕ್ಕ ನಮ್ಮ ಕೇರಿಯ ಎಲ್ಲ ಹುಡುಗರ ಬಾಯಲ್ಲೂ ಇತ್ತು. ಫ್ಯಾಂಟಮ್ ಸಾಯುವುದೇ ಇಲ್ಲ ಅಂತ ಕಾಡಿನವರು ನಂಬುತ್ತಾರೆ, ಆದರೆ ಅವನು ಇಪ್ಪತ್ತೊಂದನೆಯವನು, ತಂದೆಯಿಂದ ಮಗನಿಗೆ ಮುಖವಾಡ ಬಂದಿದೆ. ಈ ಗುಟ್ಟು ಓದುವ ನಮಗೆ ಮಾತ್ರ ಗೊತ್ತು ಅನ್ನುವುದೇ ದೊಡ್ಡ ಖುಷಿ. ಚಿತ್ರಗಳನ್ನು ಈಗಲೂ ಬಿಡಿಸಿ ನೋಡುತ್ತೇನೆ. ಸೈ ಬ್ಯಾರಿ ಬರೆದ ಪುಟಗಳಲ್ಲಿ ನೆರಳು ಎಷ್ಟು ಕಪ್ಪಗಿರುತ್ತದೆ! ಕಾಡಿನ ಅರ್ಧ ಬರೀ ಮಸಿ. ಆ ಮಸಿಯ ನಡುವೆ ಕಣ್ಣುಗುಡ್ಡೆಯಿಲ್ಲದ ಎರಡು ಬಿಳಿ ಕಣ್ಣು. ಅದೇ ಕಾಲದಲ್ಲಿ ಫ್ಲಾಶ್ ಗಾರ್ಡನ್ ಅನ್ನುವ ಇನ್ನೊಂದು ಕಾಮಿಕ್ಸ್‌ಗೆ ಚಿತ್ರ ಬರೆಯುತ್ತಿದ್ದ ಡ್ಯಾನ್ ಬ್ಯಾರಿ ಇವರ ಅಣ್ಣ ಅಂತ ಬಹಳ ತಡವಾಗಿ ತಿಳಿಯಿತು.

ಹುಡುಗಿಯಾಗಿ ನನಗೆ ತುಂಬಾ ಹಿಡಿಸಿದ್ದು ಬಹಾದ್ದೂರ್. 1976ರಲ್ಲಿ ಆಬಿದ್ ಸೂರ್ತಿ ಬರೆದು, ಗೋವಿಂದ ಬ್ರಾಹ್ಮಣಿಯಾ ಚಿತ್ರಿಸಿದ ನಮ್ಮದೇ ನೆಲದ ನಾಯಕ. ಡಕಾಯಿತನ ಮಗ. ಪೊಲೀಸ್ ಅಧಿಕಾರಿಯೊಬ್ಬರ ಆಸರೆಯಲ್ಲಿ ಬೆಳೆದು, ಊರಿನವರನ್ನೇ ಸೇರಿಸಿ ನಾಗರಿಕ ಸುರಕ್ಷಾ ದಳ ಕಟ್ಟುತ್ತಾನೆ. ಮೈಮೇಲೆ ಕೇಸರಿ ಕುರ್ತಾ, ಕೆಳಗೆ ಜೀನ್ಸ್. ಅವನ ಜೊತೆಗಾತಿ ಬೇಲಾ ಬರೀ ಕಿರುಚಿಕೊಳ್ಳುವ ಹುಡುಗಿಯಲ್ಲ, ಸಮರಕಲೆ ಕಲಿತವಳು, ತಾನೇ ಹೊಡೆದಾಡುತ್ತಿದ್ದಳು. ಹನ್ನೆರಡು ವರ್ಷದ ನನಗೆ ಅದು ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ. ಇನ್ನೊಂದನ್ನೂ ಹೇಳಿಬಿಡಬೇಕು. ಫ್ಯಾಂಟಮ್ ಕಥೆಗಳಲ್ಲಿ ಕಾಡಿನ ಜನರನ್ನು ತೋರಿಸಿರುವ ರೀತಿ, ಮಾಂಡ್ರೇಕ್ ಜೊತೆಗಿದ್ದ ಲೋಥಾರ್‌ನನ್ನು ಮೊದಲ ವರ್ಷಗಳಲ್ಲಿ ಬರೀ ಆಳಿನ ಹಾಗೆ ತೋರಿಸಿದ್ದು ಈಗ ಓದಿದರೆ ಕಸಿವಿಸಿ ಆಗುತ್ತದೆ. ಬಿಳಿಯನೊಬ್ಬ ಬಂದು ಎಲ್ಲರನ್ನೂ ಕಾಪಾಡುವ ಕಥೆ ಅದು. ಇದನ್ನು ಮಕ್ಕಳಿಗೆ ಹೇಳಿಯೇ ಕೊಡಬೇಕು. ಅದಕ್ಕಾಗಿಯಾದರೂ ಪುಸ್ತಕ ಕಣ್ಣೆದುರಿಗೆ ಇರಬೇಕು ಅಲ್ವಾ?

ನನ್ನ ಮುಖ್ಯ ಮಾತು ಕನ್ನಡದ ಕೆಲಸದ ಬಗ್ಗೆ. ಈ ಚಿತ್ರಗಳಲ್ಲಿ ಪಾತ್ರಗಳ ಮಾತು ಹಾಕುವ ಬಲೂನುಗಳನ್ನು ಬರೆದದ್ದು ಇಂಗ್ಲಿಷಿನ ಅಳತೆಗೆ. ಅಲ್ಲಿ ಎಲ್ಲವೂ ದೊಡ್ಡಕ್ಷರ, ಎಲ್ಲವೂ ಒಂದೇ ಎತ್ತರ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ. 'ಶಸ್ತ್ರಾಸ್ತ್ರ' ಅಂತ ಒಂದು ಪದ ಬಂದರೆ ಎರಡು ಸಾಲಿನ ಜಾಗ ಬೇಕು. ಆ ಚಿಕ್ಕ ಬಲೂನಿನೊಳಗೆ ಕನ್ನಡ ಕೂರಿಸಿದವರು ಏನೆಲ್ಲ ಮಾಡಿದ್ದಾರೆ ಅಂತ ಭೂತಗನ್ನಡಿ ಹಿಡಿದು ನೋಡಿದ್ದೇನೆ. ಸಾಲುಗಳನ್ನು ಒತ್ತೊತ್ತಾಗಿ ತಂದಿದ್ದಾರೆ. ಮೇಲಿನ ಸಾಲಿನ ಒತ್ತು ಇಳಿಯುವ ಕಡೆ ಕೆಳಗಿನ ಸಾಲಿನಲ್ಲಿ ಗುಡಿಸಿಲ್ಲದ ಅಕ್ಷರ ಬರುವ ಹಾಗೆ ಪದ ಜೋಡಿಸಿದ್ದಾರೆ. ಒಂದು ಸಂಚಿಕೆಯಲ್ಲಿ ಫ್ಯಾಂಟಮ್‌ನ ಗೆಳೆಯ ಗುರಾನ್ ಆಡುವ ಮಾತಿನ ಕೊನೇ ಒತ್ತು ಬಲೂನಿನ ಗೆರೆ ದಾಟಿ ಅವನ ಹುಲ್ಲಿನ ಟೋಪಿಗೇ ತಾಗಿದೆ. ಅನುವಾದಕರೂ ಹಾಗೆಯೇ. ಜಾಗ ಇಲ್ಲದ್ದರಿಂದ ಉದ್ದದ ಪದ ಬಿಟ್ಟು ಮನೆಮಾತಿನ ಪುಟ್ಟ ಪದಗಳನ್ನು ಹುಡುಕಿದ್ದಾರೆ. 'ಹುಷಾರ್', 'ನಿಲ್ಲಿ', 'ಯಾರಲ್ಲಿ'. ಪಠ್ಯಪುಸ್ತಕದ ವಾಕ್ಯಗಳಲ್ಲಿ ಎಡವುತ್ತಿದ್ದ ನನ್ನ ತಮ್ಮ ಓದು ಕಲಿತದ್ದು ಈ ಪದಗಳಿಂದ.

ಇಂಥ ಕೆಲಸ ಮಾಡಿದವರು ಯಾರು? ನನ್ನಲ್ಲಿರುವ ಸಂಚಿಕೆಗಳಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಎಷ್ಟೋ ಪುಸ್ತಕಕ್ಕೆ ಮೊದಲ ಪುಟವೇ ಇಲ್ಲ. ನಿಮ್ಮ ಓದುಗರಲ್ಲಿ ಅವರ ಮಕ್ಕಳೋ ಮೊಮ್ಮಕ್ಕಳೋ ಇರಬಹುದು. ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಅವರು ಇನ್ನೂ ಇದ್ದರೆ ಅವರ ಕೈಲೇ ಬರೆಸಿ.

ಶಾಲೆಯಲ್ಲಿ ನಾನು ಇದೇ ಬಲೂನುಗಳನ್ನು ಪಾಠಕ್ಕೆ ಬಳಸಿದ್ದೇನೆ. ಒಂದು ಪುಟದ ಜೆರಾಕ್ಸ್ ತೆಗೆಸಿ, ಬಲೂನುಗಳ ಮೇಲೆ ಬಿಳಿ ಕಾಗದ ಅಂಟಿಸಿ, 'ಇವರು ಏನು ಮಾತಾಡ್ತಿದ್ದಾರೆ, ನೀವೇ ಬರೀರಿ' ಅಂತ ಎಂಟನೇ ಕ್ಲಾಸಿಗೆ ಕೊಡುತ್ತಿದ್ದೆ. ಪ್ರಬಂಧ ಅಂದರೆ ಎರಡು ಸಾಲಿಗೆ ನಿಲ್ಲಿಸುತ್ತಿದ್ದ ಹುಡುಗ ಒಬ್ಬ ಮಾಂಡ್ರೇಕ್ ಬಾಯಲ್ಲಿ ನಮ್ಮ ಸಂತೆಯ ಕೊಬ್ಬರಿ ವ್ಯಾಪಾರಿಯ ಮಾತು ಹಾಕಿದ. ಪುಟ ತುಂಬ ಬರೆದಿದ್ದ, ಜಾಗ ಸಾಲದೆ ಹಿಂಬದಿಗೂ ಹೋಗಿದ್ದ. ಇಡೀ ಕ್ಲಾಸು ಅದನ್ನು ಗಟ್ಟಿಯಾಗಿ ಓದಿಸಿಕೊಂಡಿತು.

ಇನ್ನು ನಮ್ಮ ಪುರಾಣದ ಕಥೆಗಳನ್ನು ಕಾಮಿಕ್ಸ್ ಮಾಡಿದ ಅಮರ ಚಿತ್ರ ಕಥೆ ಸರಣಿಯ ವಿಷಯ. ಅನಂತ ಪೈ ಅವರ ಹೆಸರು ಎಲ್ಲರಿಗೂ ಗೊತ್ತು. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಹನ್ನೆರಡನೇ ವಯಸ್ಸಿಗೆ ಮುಂಬೈ ಸೇರಿದವರು. ಅವರು ಇಂದ್ರಜಾಲದಲ್ಲೂ ಕೆಲಸ ಮಾಡಿದ್ದರು. ದೂರದರ್ಶನದ ಕ್ವಿಜ್‌ನಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಕೊಟ್ಟ ಮಕ್ಕಳಿಗೆ ರಾಮನ ತಾಯಿಯ ಹೆಸರು ಬರಲಿಲ್ಲ, ಅದನ್ನು ನೋಡಿ 1967ರಲ್ಲಿ ಸರಣಿ ಶುರು ಮಾಡಿದರು ಅನ್ನುವ ಕಥೆಯನ್ನೂ ಎಲ್ಲರೂ ಹೇಳುತ್ತಾರೆ. ಆದರೆ ಅಮರ ಚಿತ್ರ ಕಥೆ ಅನ್ನುವ ಹೆಸರಿನ ಪುಸ್ತಕ ಮೊದಲು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನಿಂದ, 1965ರಲ್ಲಿ. ಅದರ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಸಿಂಡ್ರೆಲಾದಂಥ ಹೊರದೇಶದ ಕಥೆಗಳನ್ನೇ ಕನ್ನಡಕ್ಕೆ ತಂದರು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಆ ಗೆಲುವು ನೋಡಿದ ಮೇಲೆ ಅದೇ ಸಂಸ್ಥೆಯ ಮುಂಬೈಯವರು ಇಂಗ್ಲಿಷಿನಲ್ಲಿ ಕೈಹಾಕಿದ್ದು. ಇಂಗ್ಲಿಷಿನಲ್ಲಿ ನಮ್ಮ ಪುರಾಣದ ಕಥೆಗಳು 11ನೇ ನಂಬರಿನ 'ಕೃಷ್ಣ'ದಿಂದ ಶುರುವಾಗುತ್ತವೆ. ಅದರ ಹಿಂದಿನ ಹತ್ತು ನಂಬರುಗಳು ಆ ಹೊರದೇಶದ ಕಥೆಗಳವು.

ದೇಶದ ಮಕ್ಕಳೆಲ್ಲ ಓದಿದ ಒಂದು ಸರಣಿಯ ಮೊದಲ ಪುಸ್ತಕಗಳು ಕನ್ನಡದವು ಅನ್ನುವುದು ಸಣ್ಣ ವಿಷಯವಾ? ನಾನು ಆ 1965ರ ಪುಸ್ತಕಗಳಲ್ಲಿ ಒಂದನ್ನೂ ಇದುವರೆಗೆ ಕೈಯಲ್ಲಿ ಹಿಡಿದಿಲ್ಲ. ಹಿಡಿಯಬೇಕು ಅಂತ ತುಂಬಾ ಆಸೆ ಇದೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಅಲ್ಲಿ ಒಂದು ಗಾಜಿನ ಪೆಟ್ಟಿಗೆಯಲ್ಲಿ ಈ ಪುಸ್ತಕಗಳನ್ನು ತೆರೆದಿಟ್ಟರೆ ಎಷ್ಟು ಚೆನ್ನ! ನಮ್ಮ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದೂ ಅದೇ 1965ರಲ್ಲಿ. ಅದರಂತೆ ನಾವೆಲ್ಲ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ಕಟ್ಟುತ್ತೇವೆ. ಹಾಗಾಗಿ ಇದನ್ನು ಹಕ್ಕಿನಿಂದಲೇ ಕೇಳುತ್ತಿದ್ದೇನೆ.

ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಮೂರು ಗ್ರಂಥಾಲಯಗಳಿಗೂ ಪ್ರಕಾಶಕರು ಕಳಿಸಬೇಕು ಅಂತ 1954ರ ಕಾಯ್ದೆ ಹೇಳುತ್ತದೆ. ಆ ಮೂರು ಇರುವುದು ಚೆನ್ನೈ, ಮುಂಬೈ, ದೆಹಲಿಯಲ್ಲಿ. ಇಂದ್ರಜಾಲದ ಕನ್ನಡ ಸಂಚಿಕೆಗಳು ಹೊರಟಿದ್ದು ಮುಂಬೈಯಿಂದ. ಅವನ್ನು ಓದಿದ್ದು ಅರಸೀಕೆರೆ, ಗದಗ, ಶಿವಮೊಗ್ಗದ ಮಕ್ಕಳು. ಕನ್ನಡ ನಾಡಿನ ಒಳಗೇ ಇವಕ್ಕೆ ಒಂದು ನೆಲೆ ಬೇಕು. ಕೇಂದ್ರ ಗ್ರಂಥಾಲಯಕ್ಕೆ ಜಾಗದ ತೊಂದರೆ ಇದ್ದರೆ ಬೆಂಗಳೂರಿನ ಎಂ.ಜಿ. ರಸ್ತೆಯ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ. ಯಾರಾದರೂ ಮುಂದೆ ಬರಲಿ. ಮೊದಲು ಕನ್ನಡದಲ್ಲಿ ಬಂದ ಸಂಚಿಕೆಗಳ ಒಂದು ಪಟ್ಟಿಯಾಗಲಿ. ಆಮೇಲೆ ಹಕ್ಕುದಾರರನ್ನು ಕೇಳಿ ಸ್ಕ್ಯಾನ್ ಮಾಡಿಸಲಿ. ಆ ಕಾಲದ ಅಗ್ಗದ ಕಾಗದ ಈಗಲೇ ಕಂದು ಬಣ್ಣಕ್ಕೆ ತಿರುಗಿದೆ, ಮಡಿಕೆಯಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಇನ್ನು ಹತ್ತು ವರ್ಷ ಬಿಟ್ಟು ಮಾಡೋಣ ಅನ್ನುವ ಕೆಲಸ ಇದಲ್ಲ.

ಓದುಗರಲ್ಲೂ ಒಂದು ಬೇಡಿಕೆ. ಬೇಸಿಗೆ ರಜೆಯಲ್ಲಿ ಊರಿನ ಮನೆಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ತೆಗೆದು ನೋಡಿ. ರಟ್ಟು ಇಲ್ಲದಿದ್ದರೂ ಸರಿ, ಬಾಡಿಗೆ ಲೈಬ್ರರಿಯ ಸೀಲು ಇದ್ದರೂ ಸರಿ, ಅಂಚಿನಲ್ಲಿ ನಿಮ್ಮ ಅಣ್ಣನ ಹೆಸರು ಗೀಚಿದ್ದರೂ ಸರಿ. ರದ್ದಿಯವನಿಗೆ ತೂಕಕ್ಕೆ ಹಾಕಬೇಡಿ. ಪೊರಕೆಯಿಂದ ಧೂಳು ಹೊಡೆಯಬೇಡಿ, ಮೆತ್ತಗಿನ ಬಟ್ಟೆಯಿಂದ ಒರೆಸಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ, ಅದರ ಗೋಂದು ಕಾಗದವನ್ನು ಹಳದಿ ಮಾಡಿ ತಿಂದುಹಾಕುತ್ತದೆ. ಬಿಸಿಲು ತಾಗದ ಕಡೆ ಅಡ್ಡಡ್ಡ ಮಲಗಿಸಿ ಇಡಿ.

ನನ್ನ ನೀಲಿ ಬೈಂಡುಗಳನ್ನು ಕೊಡಲು ನಾನು ಈಗಲೂ ತಯಾರಿದ್ದೇನೆ. ಯಾವ ಗ್ರಂಥಾಲಯ ಕೇಳಿದರೂ ನಾನೇ ತಂದು ಕೊಡುತ್ತೇನೆ. ನನ್ನ ಷರತ್ತು ಎರಡೇ. ಒಂದೊಂದು ಸಂಚಿಕೆಗೂ ನಂಬರ್ ಬೀಳಬೇಕು. ಬಂದು ಕೇಳಿದ ಮಗುವಿಗೆ, ಮೇಜಿನ ಮುಂದೆ ಕೂತು ಓದುವುದಾದರೆ, ಇಲ್ಲ ಅನ್ನಬಾರದು.

ಇತಿ,
ನಿವೃತ್ತ ಕನ್ನಡ ಶಿಕ್ಷಕಿ,
ಅರಸೀಕೆರೆ