ಅಂದು–ಇಂದು ಫೋಟೊ ಹಾಕಿ, ಆದರೆ ನಿಂತ ಜಾಗ ಒಂದೇ ಇರಲಿ

ಸಂಪಾದಕರಿಗೆ ನಮಸ್ಕಾರ.

ಈಚೆಗೆ ಪೇಪರಿನಲ್ಲಿ, ವಾಟ್ಸಾಪಿನಲ್ಲಿ ಎಲ್ಲಿ ನೋಡಿದರೂ ಮೈಸೂರು ರೈಲಿನ ಹಳೇ ಫೋಟೊ, ಪಕ್ಕದಲ್ಲೇ ಹೊಸದು. ನೋಡಲು ಖುಷಿಯೇ. ಆದರೆ ಹಳೇದನ್ನು ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ತೆಗೆದಿರುತ್ತಾರೆ, ಹೊಸದನ್ನು ಸ್ಟೇಷನ್ ಮುಂದೆ ಆಟೊಗಳ ಮಧ್ಯೆ ನಿಂತು. ಇಸವಿ ಇರುವುದಿಲ್ಲ. ಕೆಳಗೆ ‘ಎಷ್ಟು ಬದಲಾಗಿದೆ ನೋಡಿ’ ಅಂತ ಒಂದು ಸಾಲು. ಏನನ್ನು ನೋಡುವುದು ಸ್ವಾಮಿ?

ಇಸವಿ ಬರೆದಿಲ್ಲದಿದ್ದರೂ ಫೋಟೊ ಒಳಗೇ ಸುಳಿವು ಇರುತ್ತದೆ. ಮೊದಲು ಹಳಿ ನೋಡಿ. ನಮ್ಮ ಬೆಂಗಳೂರು–ಮೈಸೂರು ಲೈನು 1880ರ ದಶಕದ ಆರಂಭದಲ್ಲಿ ಬಂದಾಗಿನಿಂದ 1990ರ ದಶಕದ ಆರಂಭದವರೆಗೂ ಮೀಟರ್ ಗೇಜ್. ಹಳಿಗಳ ನಡುವೆ ಒಂದೇ ಮೀಟರ್. ಈಗಿನ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಹಾಗಾಗಿ ಹಳೇ ಚಿತ್ರದಲ್ಲಿ ಬೋಗಿ ಹಳಿಯ ಎರಡೂ ಕಡೆ ಜಾಸ್ತಿ ಹೊರಗೆ ಚಾಚಿದಂತೆ ಕಾಣುತ್ತದೆ. ತಲೆ ಮೇಲೆ ಕರೆಂಟ್ ತಂತಿ ಇದ್ದರೆ ತೀರಾ ಈಚಿನದು, ಯಾಕೆಂದರೆ ಜೋಡಿ ಹಳಿ, ಕರೆಂಟ್ ಲೈನು ಎರಡನ್ನೂ ಪ್ರಧಾನಿ ಮೈಸೂರಿಗೆ ಬಂದು ಉದ್ಘಾಟಿಸಿದ್ದೇ 2018ರ ಫೆಬ್ರವರಿಯಲ್ಲಿ.

ಶ್ರೀರಂಗಪಟ್ಟಣದ್ದು ಬೇರೆಯೇ ಕಥೆ. ನಮ್ಮ ಮಾವನವರ ಆಲ್ಬಮ್‌ನಲ್ಲಿ ಸ್ಟೇಷನ್ ಹತ್ತಿರ ತೆಗೆದ ಒಂದು ಕಪ್ಪು-ಬಿಳುಪು ಫೋಟೊ ಇದೆ. ಮುಂದೆ ಮಕ್ಕಳು ಸಾಲಾಗಿ ನಿಂತಿದ್ದಾರೆ, ಒಬ್ಬ ಬಿಸಿಲಿಗೆ ಕಣ್ಣು ಮುಚ್ಚಿಕೊಂಡಿದ್ದಾನೆ, ಹಿಂದೆ ಟಿಪ್ಪು ಕಾಲದ ಮದ್ದಿನ ಮನೆಯ (ಮದ್ದುಗುಂಡು ಇಡುತ್ತಿದ್ದ ಕಟ್ಟಡ) ದಪ್ಪ ಗೋಡೆ ಅರ್ಧ ಕಾಣುತ್ತದೆ. ಈಗ ಅದೇ ಜಾಗದಲ್ಲಿ ನಿಂತರೆ ಆ ಗೋಡೆ ಇಲ್ಲ. ಕೆಡವಿಲ್ಲ, ಸರಿಸಿದ್ದಾರೆ! ಜೋಡಿ ಹಳಿಗೆ ಜಾಗ ಬೇಕೆಂದು 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಕೂರಿಸಿದರು. ಇದು ಗೊತ್ತಿಲ್ಲದವರು ಹಳೇ ಫೋಟೊವನ್ನೇ ತಪ್ಪು ಅನ್ನುತ್ತಾರೆ, ಅಲ್ವಾ? ಮದ್ದಿನ ಮನೆ ಮೊದಲು ಎಲ್ಲಿತ್ತು ಅನ್ನುವುದಕ್ಕೆ ಇಂಥ ಮನೆ ಫೋಟೊಗಳೂ ಸಾಕ್ಷಿಯೇ.

ನಂಜನಗೂಡು ಸೇತುವೆಯೂ ಹಾಗೆಯೇ. 1735ರಲ್ಲಿ ಕಪಿಲಾ ನದಿಗೆ ಕಟ್ಟಿದ ಕಲ್ಲಿನ ಸೇತುವೆ. 1891ರಲ್ಲಿ ರೈಲು ಬಂದ ಮೇಲೆ ಅದರ ಮೇಲೆಯೇ ಹಳಿ ಹಾಕಿದರು. ಒಂದು ಪಕ್ಕ ರೈಲು, ಇನ್ನೊಂದು ಪಕ್ಕ ಬಸ್ಸು, ಗಾಡಿ, ಸೈಕಲ್ಲು. ಬ್ರಾಡ್‌ಗೇಜ್ ಆದಾಗ ರೈಲಿಗೆ ಹತ್ತಿರದಲ್ಲೇ ಬೇರೆ ಸೇತುವೆ ಆಯಿತು. ಹಳೇ ಫೋಟೊ ತೆಗೆದ ದಡದಲ್ಲೇ ನಿಂತು ಹೊಸದನ್ನೂ ತೆಗೆದರೆ ಏನು ಹೋಯಿತು, ಏನು ಉಳಿಯಿತು ಅಂತ ಮಕ್ಕಳಿಗೂ ಗೊತ್ತಾಗುತ್ತದೆ, ಉದ್ದದ ವಿವರಣೆಯೇ ಬೇಡ.

ಹಾಗಂತ ‘ಆ ಕಾಲವೇ ಚೆನ್ನಾಗಿತ್ತು’ ಅನ್ನುವ ಗುಂಪಿನವನಲ್ಲ ನಾನು. ಕಲ್ಲಿದ್ದಲಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಕಿಡಿ, ಬಿಳಿ ಷರಟಿಗೆ ಮಸಿ. ಫೋಟೊದಲ್ಲಿ ಹೊಗೆ ಚೆಂದ ಕಾಣುತ್ತದೆ, ಬಟ್ಟೆ ಒಗೆದವರನ್ನು ಕೇಳಬೇಕು.

ಒಂದು ಕೋರಿಕೆ. ಇಂಥ ಫೋಟೊ ಹಾಕುವಾಗ ಇಸವಿ, ಊರು, ಯಾವ ಕಡೆಗೆ ಮುಖ ಮಾಡಿ ತೆಗೆದದ್ದು ಅನ್ನುವುದನ್ನು ಬರೆಯಿರಿ. ಓದುಗರಿಂದಲೂ ಕೇಳಿ. ನಮ್ಮ ರೈಲ್ವೆ ಮ್ಯೂಸಿಯಂನ ಚಾಮುಂಡಿ ಗ್ಯಾಲರಿಯಲ್ಲಿ ರೈಲ್ವೆಯ ಹಳೇ ಚಿತ್ರಗಳಿವೆ ನಿಜ, ಆದರೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಪ್ಲಾಟ್‌ಫಾರಂನಲ್ಲಿ ತೆಗೆದ ಫೋಟೊ, ಅಪ್ಪ ರಿಟೈರ್ ಆದ ದಿನ ಇಂಜಿನ್ ಮುಂದೆ ಹಾರ ಹಾಕಿಕೊಂಡು ನಿಂತ ಫೋಟೊ, ಇವೆಲ್ಲ ಮನೆಗಳ ಅಟ್ಟದಲ್ಲೇ ಇವೆ. ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗುತ್ತವೆ. ಹಿರಿಯರು ಇರುವಾಗಲೇ ಕೇಳಿ, ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ಇಸವಿ ಬರೆದಿಡುವುದು ಏನು ಕಷ್ಟ?

ಮೊದಲ ಕಂತಿಗೆ ನಂಜನಗೂಡು ಸೇತುವೆಯನ್ನೇ ಇಟ್ಟುಕೊಳ್ಳಿ. ನಿಮ್ಮ ಫೋಟೊಗ್ರಾಫರ್ ಕೈಗೆ ಹಳೇ ಪ್ರಿಂಟ್ ಕೊಟ್ಟು ಕಳಿಸಿ.

– ನಿಮ್ಮ ಹಳೇ ಓದುಗ, ಸರಸ್ವತಿಪುರಂ, ಮೈಸೂರು