ಹೊಳೆ ಒಂದು, ಸುದ್ದಿ ಮೂರು: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಬಾಗಲಕೋಟೆ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ನಾನು ಮುಧೋಳ ತಾಲೂಕಿನವನು, ಘಟಪ್ರಭಾ ದಂಡೆಯ ಊರು. ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. 'ಸಿಗ್ನಲ್ ಅಂದರೆ ರೈಲ್ವೆನಾ?' ಅಂತ ಊರವರು ಈಗಲೂ ಕೇಳುತ್ತಾರೆ. 1911ರಲ್ಲಿ ಶುರುವಾದ ಈ ವಿಭಾಗದ ಕೆಲಸ ಇಷ್ಟೇ: ಕಮಾಂಡರ್ ಆಡಿದ ಮಾತು ತುದಿಯ ತುಕಡಿಗೆ ಮುಟ್ಟಬೇಕು, ಅಲ್ಲಿಯ ಸುದ್ದಿ ವಾಪಸ್ ಬರಬೇಕು.

2019ರ ಆಗಸ್ಟ್ ಮಹಾಪೂರ ನಿಮಗೂ ನೆನಪಿರಬೇಕು. ಆಗ ನಮ್ಮೂರಿಗೆ ಮೂರು ಸುದ್ದಿ ಬಂದವು. ಸಂಜೆ ಡ್ಯಾಂನಿಂದ ನೀರು ಬಿಡ್ತಾರೆ ಅಂತ ಒಬ್ಬರು. ನಾಳೆ ಅಂತ ಇನ್ನೊಬ್ಬರು. ಬಿಟ್ಟಾಗಿದೆ, ಇನ್ನೂ ಸುಮ್ನೆ ಕೂತಿದ್ದೀರಾ ಅಂತ ವಾಟ್ಸ್‌ಆ್ಯಪ್. ಅಷ್ಟರಲ್ಲಿ ಕರೆಂಟ್ ಹೋಯಿತು, ಅದರ ಹಿಂದೆಯೇ ಮೊಬೈಲ್ ಟವರ್ ಕೂಡ. ನನ್ನ ಎರಡು ಎಮ್ಮೆ ಹೋದವು. ಯಾರ ತಪ್ಪು ಅಂತ ಹೆಸರು ಹಿಡಿದು ಹೇಳುವುದಿಲ್ಲ. ಬೈದರೆ ಎಮ್ಮೆ ಎದ್ದು ಬರುತ್ತವಾ?

ಬೋಟ್ ಬಂದವು, ಅಧಿಕಾರಿಗಳು ಓಡಾಡಿದರು, ಸೇನೆಯೂ ಬಂತು. ಸುದ್ದಿಗೆ ಮಾತ್ರ ಯಜಮಾನನೇ ಇರಲಿಲ್ಲ.

ಸೇನೆಯಲ್ಲಿ ಪ್ರತಿ ಬೆಟಾಲಿಯನ್‌ಗೂ ಒಬ್ಬ ಸಿಗ್ನಲ್ ಅಧಿಕಾರಿ ಇರುತ್ತಾರೆ. ದಾಳಿ ಮಾಡುವ ತೀರ್ಮಾನ ಸಿಒ ಸಾಹೇಬರದು, ಅಂದರೆ ಬೆಟಾಲಿಯನ್ ಮುಖ್ಯಸ್ಥರದು. ಆದರೆ ಯೋಜನೆ ಹಾಕುವಾಗಲೇ ಸಿಗ್ನಲ್ ಅಧಿಕಾರಿ ಪಕ್ಕದಲ್ಲಿ ಕೂತಿರುತ್ತಾರೆ. ಆ ಗುಡ್ಡದ ಹಿಂದೆ ರೇಡಿಯೋ ಕೇಳುತ್ತಾ? ಕೇಳದಿದ್ದರೆ ಮಾತು ಹಿಡಿದು ಮುಂದಕ್ಕೆ ದಾಟಿಸುವ ರಿಲೇ ಸೆಟ್ ನಡುವೆ ಎಲ್ಲಿಡೋಣ? ಬ್ಯಾಟರಿ ಎಷ್ಟು ತಾಸು ಬರುತ್ತೆ? ರೇಡಿಯೋ ಕೆಟ್ಟರೆ ತಂತಿ, ತಂತಿ ಹರಿದರೆ ಓಡುವ ಜವಾನ. ಆದೇಶ ಕೇಳಿಸಿಕೊಂಡವನು ಅದನ್ನು ತಿರುಗಿ ಹೇಳಿ ಒಪ್ಪಿಸಬೇಕು, ಗಂಟೆ ನಿಮಿಷ ಬರೆದಿಡಬೇಕು. 'ಫಾರ್ವರ್ಡ್ ಮಾಡಿದ್ದೆ ಸರ್' ಅಂದರೆ ಅಲ್ಲಿ ಬೈಸಿಕೊಳ್ಳೋದು ಗ್ಯಾರಂಟಿ.

ಸೇನೆಗಳಲ್ಲಿ ಇನ್ನೊಂದು ಹಳೆಯ ನಿಯಮವಿದೆ. ಸಂಪರ್ಕ ಕಟ್ಟುವ ಹೊಣೆ ಮೇಲಿನವರದು. ಅಕ್ಕಪಕ್ಕದ ತುಕಡಿಗಳಾದರೆ ಎಡಗಡೆಯವರು ಬಲಗಡೆಯವರಿಗೆ ಸಂಪರ್ಕ ಕೊಡಬೇಕು. 'ನೀವೇ ಕೇಳಬೇಕಿತ್ತು' ಅನ್ನುವ ಜಗಳ ಹುಟ್ಟುವುದೇ ಇಲ್ಲ. ನಮ್ಮ ಹೊಳೆಗೂ ಇದೇ ಬೇಕು, ಸಾಹೇಬರೇ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಡ್ಯಾಂ ಇರುವುದು ಮೇಲೆ, ಬೆಳಗಾವಿ ಜಿಲ್ಲೆಯಲ್ಲಿ. ಮುಧೋಳ ಇರುವುದು ನಿಮ್ಮಲ್ಲಿ. ಆ ಗಡಿ ದಾಟುವ ಹೊತ್ತಿನಲ್ಲಿ ಸುದ್ದಿ ಯಾರ ಕೈಲಿರುತ್ತದೆ, ಹೇಳಿ ನೋಡೋಣ?

ಆದ್ದರಿಂದ ಘಟಪ್ರಭೆಗೆ ಒಬ್ಬರೇ ಸಂಪರ್ಕ ಅಧಿಕಾರಿಯನ್ನು ನೇಮಿಸಿ. ಎರಡೂ ಜಿಲ್ಲೆಯವರು ಅವರ ಮಾತನ್ನು ಒಪ್ಪಬೇಕು. ದಂಡೆಯ ಪ್ರತಿ ಊರಲ್ಲಿ ಬ್ಯಾಟರಿ ಮೇಲೆ ನಡೆಯುವ ಒಂದು ವೈರ್‌ಲೆಸ್ ಸೆಟ್ ಇಡಿ. ಲೈಸೆನ್ಸ್ ಪಡೆದು ಹವ್ಯಾಸಕ್ಕೆ ವೈರ್‌ಲೆಸ್ ನಡೆಸುವ ಹ್ಯಾಮ್ ರೇಡಿಯೋದವರನ್ನೂ ಜೊತೆಗೆ ಕರೆದುಕೊಳ್ಳಿ, ಇಂಥ ಹೊತ್ತಿನಲ್ಲಿ ಅವರು ಬಲು ಉಪಯೋಗಕ್ಕೆ ಬರುತ್ತಾರೆ. ಸೆಟ್ಟೂ ಸತ್ತರೆ ಡಂಗುರ ಸಾರುವವನು ಯಾರು ಅಂತ ತಲಾಟಿ ಮೊದಲೇ ಬರೆದಿಟ್ಟಿರಲಿ. ಇದೆಲ್ಲ ಮಳೆಗಾಲಕ್ಕೆ ಮುಂಚೆ ಆಗಬೇಕು. ಹೊಳೆ ತುಂಬಿದ ಮೇಲೆ ಮೀಟಿಂಗ್ ಕರೆಯಬೇಡಿ.

ಊರ ಹುಡುಗರಿಗೆ ಸೆಟ್ ಹಿಡಿಯೋದು, ಮಾತಾಡೋದು ನಾನು ಪುಕ್ಕಟೆ ಕಲಿಸುತ್ತೇನೆ. ಚಹಾ ಖರ್ಚು ನಿಮ್ಮದು.

ಇಂತಿ,
ಒಬ್ಬ ಮಾಜಿ ಸಿಗ್ನಲ್ ಹವಾಲ್ದಾರ